ಕಟ್ಟಾ ಡಿಫೆಂಡರ್ ಕೋಚ್ ಆದಾಗ: ಪಾಕೊ ಹೇಮೆಸ್ ತಂಡಗಳು ಯಾಕೆ ಹಾಗೆ ಆಡಿದವು?

ಪ್ರಶ್ನೆ: ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್‌ಗಳಿಗೆ ಹೋಗಿ ಹೋಗಿ ಸ್ಪೇನಿನ ಕೋಚ್‌ಗಳ ಬಗ್ಗೆ ನನಗೆ ಕುತೂಹಲ ಹುಟ್ಟಿತು. ಪಾಕೊ ಹೇಮೆಸ್ ಬಗ್ಗೆ ಓದಿದೆ. ಸ್ಪೇನ್ ತಂಡಕ್ಕೆ ಆಡಿದ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್. ಆದರೆ ಕೋಚ್ ಆದ ಮೇಲೆ ಅವರ ತಂಡಗಳು ರಾಶಿ ರಾಶಿ ಗೋಲು ಬಿಟ್ಟುಕೊಟ್ಟಿವೆ. ಒಂದು ಸಲ 10–2ರಲ್ಲಿ ಸೋತಿವೆ. ಡಿಫೆಂಡರ್ ಆಗಿದ್ದವರಿಗೆ ಡಿಫೆನ್ಸ್ ಕಟ್ಟೋಕೆ ಬರಲ್ವಾ? ಅಷ್ಟಾದರೂ ಕೆಳಗಿನ ಡಿವಿಷನ್ ಕ್ಲಬ್‌ಗಳು ಅವರನ್ನೇ ಯಾಕೆ ಕರೆಯುತ್ತಿದ್ದವು? ನಾನೂ ಅದೇ ಜಾಗದಲ್ಲಿ, ಸ್ಟಾಪರ್ ಆಗಿ ಆಡಿದವನು. ಈಗ ಆಸ್ಟಿನ್ ಟೌನ್‌ನಲ್ಲಿ ಚಿಕ್ಕ ಹುಡುಗರಿಗೆ ಹೇಳಿಕೊಡುತ್ತೇನೆ. ಹಿಂದಿನಿಂದ ಪಾಸ್ ಮಾಡುತ್ತಾ ಬನ್ನಿ ಅನ್ನಬೇಕಾ, ಒದ್ದು ದೂರ ಕಳಿಸಿ ಅನ್ನಬೇಕಾ?

ಉತ್ತರ: ನಿಮ್ಮ ಹುಡುಗರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಒಂದು ಮ್ಯಾಚ್ ನೆನಪಿಸುತ್ತೇನೆ.

2000ದ ಜೂನ್ 21, ಬೆಲ್ಜಿಯಂನ ಬ್ರೂಗ್. ಯೂರೋ ಕಪ್‌ನಲ್ಲಿ ಸ್ಪೇನ್ ಮತ್ತು ಯುಗೊಸ್ಲಾವಿಯಾ ಎದುರುಬದುರು. ಸ್ಪೇನ್ ಗೆಲ್ಲಲೇಬೇಕಿತ್ತು. ಸ್ಕೋರು 2–2. ಎದುರಾಳಿಗಳಲ್ಲಿ ಒಬ್ಬನಿಗೆ ಕೆಂಪು ಕಾರ್ಡ್ ಸಿಕ್ಕಿ ಹತ್ತೇ ಜನ ಉಳಿದಿದ್ದರು. 64ನೇ ನಿಮಿಷದಲ್ಲಿ ಕೋಚ್ ಕಮಾಚೊ ಒಬ್ಬ ಸೆಂಟರ್ ಬ್ಯಾಕನ್ನು ಹೊರಗೆ ಕರೆದು, ಎತ್ತರದ ಸ್ಟ್ರೈಕರ್ ಉರ್ಸಾಯಿಸ್‌ನನ್ನು ಇಳಿಸಿದರು. ಹಿಂದೆ ಜಾಗ ತೆರವಾಯಿತು. ಯುಗೊಸ್ಲಾವಿಯಾ ಇನ್ನೊಂದು ಗೋಲು ಹೊಡೆಯಿತು. 90 ನಿಮಿಷ ಮುಗಿದಾಗ ಸ್ಪೇನ್ 2–3 ಹಿಂದಿತ್ತು. ಆಮೇಲಿನ ಹೆಚ್ಚುವರಿ ನಿಮಿಷಗಳಲ್ಲಿ ಮೆಂಡಿಯೆಟಾ ಪೆನಾಲ್ಟಿ, ಅದರ ಹಿಂದೆಯೇ ಅಲ್ಫೊನ್ಸೊ ಗೋಲು. 4–3.

ಅವತ್ತು ಹೊರಗೆ ಬಂದ ಆ ಸೆಂಟರ್ ಬ್ಯಾಕೇ ಪಾಕೊ ಹೇಮೆಸ್. ಗೆಲ್ಲಬೇಕು ಅಂದರೆ ಹಿಂದಿರುವ ಒಬ್ಬನನ್ನು ತೆಗೆದು ಮುಂದೆ ಒಬ್ಬನನ್ನು ಹಾಕು ಅನ್ನೋದನ್ನು ಅವರು ಪುಸ್ತಕ ಓದಿ ಕಲಿಯಬೇಕಿರಲಿಲ್ಲ. ಮುಂದೆ ಕೋಚ್ ಆದಾಗ ಅರ್ಧ ಸಮಯ ಆಗುವ ಮುಂಚೆಯೇ ಡಿಫೆಂಡರ್ ಒಬ್ಬನನ್ನು ಹೊರಗೆ ಕರೆಯುವುದು ಅವರ ಗುರುತೇ ಆಗಿಹೋಯಿತು. ಬ್ರೂಗ್‌ನ ಆ ಸಂಜೆಗೂ ಇದಕ್ಕೂ ನೇರ ಸಂಬಂಧ ಇದೆ ಅಂತ ನಾನು ಸಾಧಿಸಲಾರೆ. ಆದರೆ ಅವರ ತಂಡಗಳನ್ನು ನೋಡುವಾಗೆಲ್ಲ ನನಗೆ ಆ ಬದಲಾವಣೆ ನೆನಪಾಗುತ್ತದೆ.

ಆಟಗಾರನಾಗಿ ಅವರು ಸಣ್ಣವರೇನಲ್ಲ. ಹುಟ್ಟಿದ್ದು 1970ರಲ್ಲಿ, ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಲ್ಲಿ. ಅಪ್ಪ ಲೂಕಾಸ್ ದೆ ಎಸಿಹಾ ಫ್ಲಮೆಂಕೊ ಹಾಡುಗಾರ. ಬೆಳೆದದ್ದು ದಕ್ಷಿಣದ ಕೊರ್ದೊಬಾದಲ್ಲಿ, ದೊಡ್ಡವರ ಫುಟ್‌ಬಾಲ್ ಶುರುವಾದದ್ದೂ ಅಲ್ಲಿನ ಕ್ಲಬ್‌ನಲ್ಲೇ. ಆಮೇಲೆ ಮುರ್ಸಿಯಾ, ಒಂದು ಸೀಸನ್ ಮ್ಯಾಡ್ರಿಡ್‌ನ ರಾಯೊ ವಾಯೆಕಾನೊ, ಅಲ್ಲಿಂದ ದೆಪೊರ್ತಿವೊ ಲಾ ಕೊರುನ್ಯಾ. 1994ರಲ್ಲಿ ಕೊನೆಯ ದಿನ, ಕೊನೆಯ ನಿಮಿಷದ ಪೆನಾಲ್ಟಿ ತಪ್ಪಿ ಲೀಗ್ ಪ್ರಶಸ್ತಿ ಕಳೆದುಕೊಂಡ ಆ ದೆಪೊರ್ತಿವೊ ತಂಡದಲ್ಲಿ ಅವರಿದ್ದರು. ಮಾರನೆಯ ವರ್ಷ ಸ್ಪ್ಯಾನಿಶ್ ಕಪ್ ಗೆದ್ದಾಗಲೂ ಇದ್ದರು. ನಂತರ ಸರಗೋಸಾ. ದೇಶಕ್ಕೆ 21 ಪಂದ್ಯ. ತಲೆ ಬೋಳು, ಮೈಕಟ್ಟು ಗಟ್ಟಿ, ಎದುರಿಗೆ ಬಂದವನನ್ನು ಸುಮ್ನೆ ಬಿಡುವ ಪೈಕಿ ಅಲ್ಲ.

ಕೋಚ್ ಆಗಿ ಅವರು ಇಳಿದ ಲೋಕ ಎಂಥದ್ದು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಸ್ಪೇನಿನಲ್ಲಿ ಮೊದಲ ಎರಡು ಡಿವಿಷನ್ ಮಾತ್ರ ಪೂರ್ತಿ ವೃತ್ತಿಪರ. ಮೇಲೆ 20 ತಂಡ, ಅದರ ಕೆಳಗೆ ಸೆಗುಂಡಾದಲ್ಲಿ 22. ಅದರ ಕೆಳಗಿದ್ದದ್ದು ಸೆಗುಂಡಾ ಬಿ. ಬಹಳ ವರ್ಷ ಅಲ್ಲಿ ನಾಲ್ಕು ಗುಂಪಿನಲ್ಲಿ 80 ತಂಡ ಆಡುತ್ತಿದ್ದವು. ಮೇಲೆ ಹೋಗಲು ಇದ್ದದ್ದು ನಾಲ್ಕೇ ಜಾಗ. ಗುಂಪಿನಲ್ಲಿ ಮೊದಲು ಬಂದರೂ ನೇರ ಬಡ್ತಿ ಇಲ್ಲ, ಪ್ಲೇಆಫ್, ಅಂದರೆ ಬಡ್ತಿಗಾಗಿ ಸೀಸನ್ ಕೊನೆಗೆ ನಡೆಯುವ ಪಂದ್ಯಗಳನ್ನು ಆಡಲೇಬೇಕಿತ್ತು. 2021ರಿಂದ ಅದನ್ನು ಬದಲಿಸಿ, 40 ತಂಡಗಳ ಬೇರೆ ಡಿವಿಷನ್ ಮಾಡಿದ್ದಾರೆ. ಹಳೆಯ ಸೆಗುಂಡಾ ಬಿಗೆ ಅಲ್ಲಿನ ಜನ ಇಟ್ಟ ಅಡ್ಡಹೆಸರು 'ಎಲ್ ಪೋಸೊ'. ಅಂದರೆ ಬಾವಿ. ಬೀಳೋದು ಒಂದು ಕ್ಷಣ, ಹತ್ತೋಕೆ ಹತ್ತು ವರ್ಷ. ಟಿವಿ ದುಡ್ಡು ನಿಂತುಹೋಗುತ್ತದೆ, ಒಳ್ಳೆ ಆಟಗಾರರು ಬಿಟ್ಟುಹೋಗುತ್ತಾರೆ, ಸಂಬಳ ತಡವಾಗುತ್ತದೆ.

ಇಂಥ ಕಡೆ ಕೋಚ್ ಕೆಲಸ ಅಂದರೆ ಬಾಡಿಗೆ ಮನೆ ಇದ್ದ ಹಾಗೆ. ಗೋಡೆಗೆ ಮೊಳೆ ಹೊಡೆಯುವಷ್ಟರಲ್ಲಿ ಖಾಲಿ ಮಾಡಿ ಅನ್ನುತ್ತಾರೆ. ಸೀಸನ್ ನಡುವೆ, ತಂಡ ಮುಳುಗುವ ಹೊತ್ತಿಗೆ ಕರೆಸುವ ಕೋಚ್‌ಗೆ ಸ್ಪೇನಿನಲ್ಲಿ ಬೆಂಕಿ ಆರಿಸುವವನು, 'ಬೊಂಬೆರೊ' ಅಂತಲೇ ಹೆಸರು. ಸಾಮಾನ್ಯವಾಗಿ ಈ ಕೆಲಸಕ್ಕೆ ಬರುವ ಮಾಜಿ ಡಿಫೆಂಡರ್‌ಗಳು ಮೊದಲು ಹಿಂದಿನ ಬಾಗಿಲು ಭದ್ರ ಮಾಡುತ್ತಾರೆ. ಹತ್ತು ಜನರನ್ನು ಗೋಲಿನ ಮುಂದೆ ನಿಲ್ಲಿಸಿ, 0–0ಗೆ ಆಡಿ, ಒಂದೊಂದೇ ಪಾಯಿಂಟ್ ಕೂಡಿಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅದೂ ಒಂದು ವಿದ್ಯೆ.

ಹೇಮೆಸ್ ಹಾಗೆ ಮಾಡಲಿಲ್ಲ. 2007ರಲ್ಲಿ ಮ್ಯಾಡ್ರಿಡ್ ಪಕ್ಕದ ಅಲ್ಕಲಾದಲ್ಲಿ ಶುರು ಮಾಡಿದರು. ಅದೇ ವರ್ಷ ತಮ್ಮ ಊರಾದ ಕೊರ್ದೊಬಾದ ಕ್ಲಬ್ ಕರೆಯಿತು. ಸೀಸನ್ ಮುಗಿಯುವ ಮೊದಲೇ ಕೆಲಸ ಹೋಯಿತು. ಕಾರ್ತಹೇನಾಗೆ ಹೋಗಿ ಬಂದರು. 2010ರಲ್ಲಿ ಹುಟ್ಟೂರು ಲಾಸ್ ಪಾಲ್ಮಾಸ್. ಅಲ್ಲಿ ವಿತೊಲೊ, ಹೊನಾತಾನ್ ವಿಯೆರಾ ಎಂಬ ಇಬ್ಬರು ಸ್ಥಳೀಯ ಹುಡುಗರಿಗೆ ಮೊದಲ ತಂಡದಲ್ಲಿ ಜಾಗ ಕೊಟ್ಟರು. ಇಬ್ಬರೂ ಮುಂದೆ ಸ್ಪೇನ್‌ಗೆ ಆಡಿದರು. ಹೇಮೆಸ್ ಕೆಲಸ ಮಾತ್ರ 2011ರ ಫೆಬ್ರವರಿ ಹೊತ್ತಿಗೆ ಹೋಗಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಇದನ್ನು ಗಮನಿಸಿ. 2008ರಲ್ಲಿ ತೆಗೆದುಹಾಕಿದ ಕೊರ್ದೊಬಾ 2011ರಲ್ಲಿ ಅವರನ್ನೇ ವಾಪಸ್ ಕರೆಯಿತು. 2011ರಲ್ಲಿ ತೆಗೆದುಹಾಕಿದ ಲಾಸ್ ಪಾಲ್ಮಾಸ್ 2017ರಲ್ಲಿ ವಾಪಸ್ ಕರೆಯಿತು. ಅವರ ಕೈಯಲ್ಲೇ ಕೆಳಗಿನ ಡಿವಿಷನ್‌ಗೆ ಇಳಿದ ರಾಯೊ ವಾಯೆಕಾನೊ 2019ರಲ್ಲಿ ವಾಪಸ್ ಕರೆಯಿತು. ಒಂದಲ್ಲ, ಮೂರು ಕ್ಲಬ್. ಕೆಲಸ ಗೊತ್ತಿಲ್ಲದವನನ್ನು ಮನೆಯಿಂದ ಕಳಿಸಿದ ಮೇಲೆ ಯಾರಾದರೂ ಮತ್ತೆ ಬಾ ಅಂತಾರಾ?

ಅವರು ಮಾಡುತ್ತಿದ್ದದ್ದು ಏನು ಅಂತ ಬಿಡಿಸಿ ನೋಡೋಣ. ಗೋಲ್ ಕೀಪರ್ ಚೆಂಡನ್ನು ದೂರ ಒದೆಯಬಾರದು. ಇಬ್ಬರು ಸೆಂಟರ್ ಬ್ಯಾಕ್‌ಗಳು ಪೆನಾಲ್ಟಿ ಬಾಕ್ಸ್‌ನ ಎರಡೂ ಬದಿಗೆ ಅಗಲವಾಗಿ ನಿಲ್ಲಬೇಕು. ಒಬ್ಬ ಮಿಡ್‌ಫೀಲ್ಡರ್ ಅವರ ನಡುವೆ ಇಳಿದು ಚೆಂಡು ಕೇಳಬೇಕು. ಬದಿಯ ಬ್ಯಾಕ್‌ಗಳು ಅಷ್ಟು ಹೊತ್ತಿಗೆ ಮಧ್ಯದ ಗೆರೆ ದಾಟಿರಬೇಕು. ಚೆಂಡು ಕಳೆದುಕೊಂಡರೆ ಹಿಂದಕ್ಕೆ ಓಡುವ ಹಾಗಿಲ್ಲ. ಇದ್ದಲ್ಲೇ, ಎದುರಾಳಿಯ ಅರ್ಧದಲ್ಲೇ, ಒಬ್ಬೊಬ್ಬನನ್ನು ಒಬ್ಬೊಬ್ಬ ಹಿಡಿದು ಕಿತ್ತುಕೊಳ್ಳಬೇಕು. ಆಗ ಹಿಂದೆ ಉಳಿದ ಇಬ್ಬರು ಡಿಫೆಂಡರ್‌ಗಳ ಬೆನ್ನ ಹಿಂದೆ ನಲವತ್ತು ಮೀಟರ್ ಬಯಲು. ಸ್ಟಾಪರ್ ಆಗಿದ್ದ ನಿಮಗೆ ಇದನ್ನು ಓದುವಾಗಲೇ ಹೊಟ್ಟೆಯೊಳಗೆ ಕಲಸಿದ ಹಾಗೆ ಆಗಿರಬೇಕು.

ಬಡ ಕ್ಲಬ್‌ಗೆ ಈ ಸಾಹಸ ಯಾಕೆ? ನನಗೆ ತೋಚುವ ಉತ್ತರ ಅವರ ಹಳೆಯ ಕೆಲಸದಲ್ಲೇ ಇದೆ. ಗೋಲಿನ ಮುಂದೆ ನಿಂತು, 70 ನಿಮಿಷ ಎದುರಾಳಿಯ ಚೆಂಡಿನ ಹಿಂದೆ ಓಡಿ, ಕೊನೆಗೆ ಸುಸ್ತಾಗಿ ಒಂದು ತಪ್ಪು ಮಾಡಿ ಸೋಲುವುದು ಹೇಗಿರುತ್ತದೆ ಅನ್ನೋದು ಸೆಂಟರ್ ಬ್ಯಾಕ್‌ಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲ್ಲ. ಕಟ್ಟಿಕೊಂಡು ನಿಂತರೂ ದೊಡ್ಡ ತಂಡ ಸೋಲಿಸುತ್ತದೆ. ಹಾಗಿದ್ದರೆ ಚೆಂಡು ನಮ್ಮ ಕಾಲಲ್ಲೇ ಇರಲಿ, ಓಡುವ ಕಷ್ಟ ಅವರದಾಗಲಿ. ಡಿಫೆಂಡರ್ ಆಗಿದ್ದರೂ ಹೀಗೆ ಆಡಿಸಿದರು ಅಂತ ನೀವು ಅಂದುಕೊಂಡಿದ್ದೀರಿ. ಡಿಫೆಂಡರ್ ಆಗಿದ್ದರಿಂದಲೇ ಹೀಗೆ ಆಡಿಸಿದರು ಅಂತ ನಾನು ಅಂದುಕೊಂಡಿದ್ದೇನೆ.

ಕೊರ್ದೊಬಾಗೆ ಎರಡನೇ ಸಲ ಹೋದಾಗ ಇದು ಫಲ ಕೊಟ್ಟಿತು. 2011–12ರಲ್ಲಿ ತಂಡ ಸೆಗುಂಡಾದಲ್ಲಿ ಆರನೆಯದಾಗಿ ಬಂದು ಪ್ಲೇಆಫ್ ತಲುಪಿತು. ಅಲ್ಲಿ ವಯಾದೊಲಿದ್ ಎದುರು ಸೋತಿತು. ಆದರೆ ಆ ಆಟ ನೋಡಿದ ರಾಯೊ ವಾಯೆಕಾನೊ ಅವರನ್ನು ಮೊದಲ ಡಿವಿಷನ್‌ಗೆ ಎತ್ತಿಕೊಂಡಿತು.

ರಾಯೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕೆಳಗಿನ ಡಿವಿಷನ್‌ನ ಬುದ್ಧಿಯನ್ನು ಅವರು ಮೇಲೆ ಪರೀಕ್ಷೆಗೆ ಒಡ್ಡಿದ್ದು ಅಲ್ಲೇ. ಮ್ಯಾಡ್ರಿಡ್‌ನ ದಕ್ಷಿಣಕ್ಕೆ ಕೂಲಿ ಕಾರ್ಮಿಕರ ಬಡಾವಣೆ ವಾಯೆಕಾಸ್. ಸ್ಟೇಡಿಯಂನಲ್ಲಿ ಮೂರೇ ಕಡೆ ಕೂರುವ ಜಾಗ. ಒಂದು ಗೋಲಿನ ಹಿಂದೆ ಬರೀ ಗೋಡೆ, ಗೋಡೆಯಾಚೆ ಜನರ ಮನೆಗಳು. ಕ್ಲಬ್ ಸಾಲದಲ್ಲಿತ್ತು. ಪ್ರತಿ ಬೇಸಿಗೆಯಲ್ಲೂ ಅರ್ಧ ತಂಡ ಖಾಲಿಯಾಗುತ್ತಿತ್ತು. ಬೇರೆ ಕ್ಲಬ್‌ಗಳಿಂದ ಒಂದು ವರ್ಷಕ್ಕೆ ಕಡ ತಂದವರು, ಯಾರಿಗೂ ಬೇಡವಾದವರು, ದುಡ್ಡಿಲ್ಲದೆ ಸಿಕ್ಕವರು. ಇವರನ್ನು ಕಟ್ಟಿಕೊಂಡು 2012–13ರಲ್ಲಿ ಹೇಮೆಸ್ 53 ಪಾಯಿಂಟ್ ತಂದರು. ಎಂಟನೇ ಸ್ಥಾನ. ಆವರೆಗಿನ ರಾಯೊ ಇತಿಹಾಸದಲ್ಲೇ ಅದು ಅತಿ ಎತ್ತರ. ಆ ಸೀಸನ್‌ನಲ್ಲಿ 16 ಗೆಲುವು, 17 ಸೋಲು, ಡ್ರಾ ಬರೀ 5. ಈ ಲೆಕ್ಕ ನೋಡಿದರೇ ಗೊತ್ತಾಗುತ್ತದೆ, ಒಂದು ಪಾಯಿಂಟ್‌ಗಾಗಿ ಕೈಕಟ್ಟಿ ಕೂರುವ ತಂಡ ಇದಲ್ಲ.

ಆ ಎಂಟನೇ ಸ್ಥಾನಕ್ಕೆ ಒಂದು ನೋವಿನ ಬಾಲವೂ ಇದೆ. ಮೇಲಿದ್ದ ಮಲಾಗಾ ಮೇಲೆ ನಿಷೇಧ ಇದ್ದುದರಿಂದ ಯೂರೋಪಿನ ಕ್ಲಬ್‌ಗಳ ಎರಡನೇ ದರ್ಜೆಯ ಕಪ್ ಆದ ಯೂರೋಪಾ ಲೀಗ್ ಬಾಗಿಲು ರಾಯೊಗೆ ತೆರೆಯಬೇಕಿತ್ತು. ಹಣಕಾಸಿನ ಸ್ಥಿತಿಯಿಂದಾಗಿ ರಾಯೊಗೆ ಅಲ್ಲಿ ಆಡುವ ಲೈಸೆನ್ಸ್ ಸಿಗಲಿಲ್ಲ. ಆ ಜಾಗ ಒಂಬತ್ತನೆಯದಾಗಿದ್ದ ಸೆವಿಯಾಗೆ ಹೋಯಿತು. ಸೆವಿಯಾ ಮುಂದಿನ ವರ್ಷ ಆ ಕಪ್ಪನ್ನೇ ಗೆದ್ದಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮುಂದಿನ ಸೀಸನ್, 2013ರ ಸೆಪ್ಟೆಂಬರ್ 21. ಬಾರ್ಸಿಲೋನಾ ವಾಯೆಕಾಸ್‌ಗೆ ಬಂದಿತ್ತು. ಪೆದ್ರೊ ಮೂರು ಗೋಲು ಹೊಡೆದ, ಬಾರ್ಸಿಲೋನಾ 4–0ರಲ್ಲಿ ಗೆದ್ದಿತು. ಆದರೆ ಮಾರನೆಯ ದಿನ ಎಲ್ಲರ ಬಾಯಲ್ಲಿ ಇದ್ದದ್ದು ಇನ್ನೊಂದು ಅಂಕಿ. ಚೆಂಡು ಹೆಚ್ಚು ಹೊತ್ತು ಇದ್ದದ್ದು ರಾಯೊ ಹತ್ತಿರ. ಐದು ವರ್ಷ, 300ಕ್ಕೂ ಹೆಚ್ಚು ಮ್ಯಾಚ್‌ಗಳಲ್ಲಿ ಯಾರೂ ಬಾರ್ಸಿಲೋನಾಗಿಂತ ಹೆಚ್ಚು ಹೊತ್ತು ಚೆಂಡು ಇಟ್ಟುಕೊಂಡಿರಲಿಲ್ಲ. ಸೋತಮೇಲೆ ಚೆಂಡು ಇದ್ದರೇನು ಬಿಟ್ಟರೇನು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆ ಸೀಸನ್‌ನಲ್ಲಿ ರಾಯೊ 80 ಗೋಲು ಬಿಟ್ಟುಕೊಟ್ಟಿತು. ಆದರೂ 12ನೇ ಸ್ಥಾನದಲ್ಲಿ ಉಳಿಯಿತು. ಅದರ ಮುಂದಿನ ವರ್ಷ 11ನೇ ಸ್ಥಾನ. ಸಾಲದಲ್ಲಿದ್ದ ಕ್ಲಬ್ ಸತತ ಮೂರು ವರ್ಷ ಆರಾಮವಾಗಿ ಮೇಲಿನ ಡಿವಿಷನ್‌ನಲ್ಲಿ ನಿಂತಿತು. ಬಂದ ಆಟಗಾರರ ಬೆಲೆಯೂ ಏರಿತು. ಅಟ್ಲೆಟಿಕೊದಿಂದ ಕಡ ಬಂದಿದ್ದ ಹುಡುಗ ಸೌಲ್ ಅಲ್ಲಿ ಸೆಂಟರ್ ಬ್ಯಾಕ್ ಆಗಿಯೂ ಆಡಿ ಬಲಿತ. ಅಲ್ಬರ್ಟೊ ಬುಯೆನೊ 2015ರಲ್ಲಿ ಲೆವಾಂತೆ ಎದುರು ಕಾಲು ಗಂಟೆಯಲ್ಲಿ ನಾಲ್ಕು ಗೋಲು ಹೊಡೆದು, ಅದೇ ಬೇಸಿಗೆಯಲ್ಲಿ ಪೋರ್ಟೊಗೆ ಹೋದ.

ಈಗ ನೀವು ಕೇಳಿದ 10–2. ಅದು 2015ರ ಡಿಸೆಂಬರ್ 20, ರಿಯಲ್ ಮ್ಯಾಡ್ರಿಡ್ ಮೈದಾನ. ಬರೀ ಸ್ಕೋರು ನೋಡಿದವರಿಗೆ ಗೊತ್ತಿರಲ್ಲ, 12ನೇ ನಿಮಿಷದಲ್ಲಿ ರಾಯೊ 2–1 ಮುಂದಿತ್ತು. 15ನೇ ನಿಮಿಷದಲ್ಲಿ ತಿತೊಗೆ ಕೆಂಪು ಕಾರ್ಡ್. 28ನೇ ನಿಮಿಷದಲ್ಲಿ ಬಯೆನಾಗೆ ಇನ್ನೊಂದು. ಒಂಬತ್ತು ಜನ, ಎದುರಿಗೆ ಬೇಲ್, ಬೆಂಜೆಮಾ, ರೊನಾಲ್ಡೊ, ಇನ್ನೂ ಒಂದು ಗಂಟೆ ಆಟ ಬಾಕಿ. ಯಾವ ಕೋಚ್ ಇದ್ದರೂ ಸೋಲುತ್ತಿದ್ದರು. ಒಂಬತ್ತು ಜನರನ್ನೂ ಬಾಕ್ಸ್ ಒಳಗೆ ತುಂಬಿದ್ದರೆ ಹತ್ತರ ಬದಲು ಐದೋ ಆರೋ ಆಗುತ್ತಿತ್ತೇನೋ. ಇಲ್ಲಿ ನಾನು ಹೇಮೆಸ್ ಪರ ವಾದ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಹಟ ಬಿಟ್ಟು ತಮ್ಮ ಹುಡುಗರನ್ನು ಉಳಿಸಿಕೊಳ್ಳಬೇಕಿತ್ತು. ಆ ಸೀಸನ್ ಕೊನೆಯ ದಿನ ಲೆವಾಂತೆಯನ್ನು 3–1ರಲ್ಲಿ ಸೋಲಿಸಿಯೂ ರಾಯೊ ಕೆಳಗಿನ ಡಿವಿಷನ್‌ಗೆ ಇಳಿಯಿತು.

ವಾಯೆಕಾಸ್ ಜನ ಅವರನ್ನು ಬೈದು ಕಳಿಸಲಿಲ್ಲ. ಅದಕ್ಕೆ ಆಟದಾಚೆಯೂ ಒಂದು ಕಾರಣ ಇದೆ. 2014ರ ನವೆಂಬರ್‌ನಲ್ಲಿ ಆ ಬಡಾವಣೆಯ 85 ವರ್ಷದ ಅಜ್ಜಿಯೊಬ್ಬರನ್ನು ಸಾಲದ ಕಾರಣಕ್ಕೆ ಮನೆಯಿಂದ ಹೊರಹಾಕಿದರು. ಹೇಮೆಸ್ ಪತ್ರಕರ್ತರ ಮುಂದೆ ಕೂತು, ನಾವು ಸುಮ್ಮನಿರುವುದಿಲ್ಲ, ಆ ಅಜ್ಜಿ ಬದುಕಿರುವವರೆಗೂ ಮನೆ ಬಾಡಿಗೆಗೆ ಸಹಾಯ ಮಾಡುತ್ತೇವೆ ಅಂದರು. ಕೋಚ್‌ಗಳು, ಆಟಗಾರರು, ಕ್ಲಬ್ ಎಲ್ಲರೂ ಕೈಜೋಡಿಸಿದರು. ಅಭಿಮಾನಿಗಳೂ ದುಡ್ಡು ಕೂಡಿಸಿದರು. ಚಿಕ್ಕ ಕ್ಲಬ್‌ನ ಕೋಚ್ ಅಂದರೆ ಓಣಿಯ ಹಿರಿಯನೂ ಹೌದು. ದೊಡ್ಡ ಕ್ಲಬ್‌ಗಳಲ್ಲಿ ಈ ಜಾಗವೇ ಇರುವುದಿಲ್ಲ.

ಆಮೇಲಿನ ವರ್ಷಗಳು ಕಷ್ಟದವು. 2016ರಲ್ಲಿ ಗ್ರನಾಡಾದಲ್ಲಿ ಆರೇ ಮ್ಯಾಚ್, ಎರಡೇ ಪಾಯಿಂಟ್, ಕೆಲಸ ಮುಗಿಯಿತು. ಮೆಕ್ಸಿಕೊಗೆ ಹೋದರು. ವಾಪಸ್ ಬಂದು ಲಾಸ್ ಪಾಲ್ಮಾಸ್ ಹಿಡಿದರು, ತಂಡ ಇಳಿಯಿತು. ರಾಯೊಗೆ ಮತ್ತೆ ಬಂದರು, ಆ ಸಲವೂ ತಂಡ ಇಳಿಯಿತು. ಸ್ಪೇನಿನ ಈ ಮೂರೂ ಕಡೆ ಒಂದೇ ತೊಂದರೆ ನನಗೆ ಕಾಣುತ್ತದೆ. ಈ ಆಟ ಮೈಗೂಡಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಬೇಸಿಗೆಯಿಂದಲೇ ಶುರು ಮಾಡಿದ ಕೊರ್ದೊಬಾದಲ್ಲಿ, ಮೊದಲ ಸಲದ ರಾಯೊದಲ್ಲಿ ಅದು ಗೆದ್ದಿತು. ಗ್ರನಾಡಾ ಆರು ವಾರ ಕೂಡ ಸರಿಯಾಗಿ ಕಾಯಲಿಲ್ಲ. ಉಳಿದೆರಡು ಕಡೆ ಅವರನ್ನು ಸೀಸನ್ ನಡುವೆ, ಬೆಂಕಿ ಆರಿಸಲು ಕರೆದಿದ್ದರು. ಹೇಮೆಸ್ ಬೆಂಕಿ ಆರಿಸುವವರಲ್ಲ, ಮನೆ ಕಟ್ಟುವವರು. ಮನೆ ಕಟ್ಟುವ ಮೇಸ್ತ್ರಿಗೆ ಬಕೆಟ್ ಕೊಟ್ಟರೆ ಏನಾಗುತ್ತದೆ ಹೇಳಿ.

2021–22ರಲ್ಲಿ ಇಬಿಜಾ ದ್ವೀಪದ ಕ್ಲಬ್ ಸೀಸನ್ ನಡುವೆ ಅವರನ್ನು ಕರೆಸಿತು. 2015ರಲ್ಲಿ ಹುಟ್ಟಿದ ಕ್ಲಬ್ ಅದು, ಸೆಗುಂಡಾದಲ್ಲಿ ಅದಕ್ಕೆ ಮೊದಲ ವರ್ಷ. ಈ ಸಲ ತಂಡ ಇಳಿಯದೆ ಉಳಿಯಿತು. ಇದೇ ಕ್ಲಬ್‌ಗೆ ಅದಕ್ಕೂ ಮುಂಚೆ, ಇನ್ನೂ ಸೆಗುಂಡಾ ಬಿ ಎಂಬ ಬಾವಿಯಲ್ಲಿದ್ದಾಗ, ಇನ್ನೊಬ್ಬ ಮಾಜಿ ಡಿಫೆಂಡರ್ ಕೋಚ್ ಆಗಿದ್ದರು. ಅವರು ಪಾಬ್ಲೊ ಅಲ್ಫಾರೊ. ಸೆವಿಯಾದಲ್ಲಿ ಆಡುತ್ತಿದ್ದಾಗ ಸ್ಟ್ರೈಕರ್‌ಗಳು ಹೆದರುತ್ತಿದ್ದ ಮನುಷ್ಯ, ಓದಿದ್ದು ವೈದ್ಯಶಾಸ್ತ್ರ. ಪೊಂತೆವೆದ್ರಾ, ಹುಯೆಲ್ವಾ, ಮಿರಾಂದಾ ಅಂತ ಕೆಳಗಿನ ಡಿವಿಷನ್‌ಗಳ ಊರೂರು ತಿರುಗಿ ಇಬಿಜಾಗೆ ಬಂದವರು. 2020ರ ಜನವರಿ 22ರಂದು ಕಪ್ ಪಂದ್ಯಕ್ಕೆ ಬಾರ್ಸಿಲೋನಾ ಆ ದ್ವೀಪಕ್ಕೆ ಬಂತು. 9ನೇ ನಿಮಿಷದಲ್ಲಿ ಪೆಪ್ ಕಾಬಯೇ ಗೋಲು ಹೊಡೆದ. ಅಲ್ಲಿಂದ ಒಂದು ಗಂಟೆಗೂ ಹೆಚ್ಚು ಹೊತ್ತು ಇಬಿಜಾ ಮುಂದಿತ್ತು. 72ನೇ ನಿಮಿಷದಲ್ಲಿ ಗ್ರೀಜ್‌ಮನ್ ಸಮ ಮಾಡಿದ, 90 ನಿಮಿಷದ ಆಚೆಯ ಹೆಚ್ಚುವರಿ ನಿಮಿಷಗಳಲ್ಲಿ ಇನ್ನೊಂದು ಹೊಡೆದ. 1–2. ಆಟ ಮುಗಿದಾಗ ಇಬಿಜಾ ಹುಡುಗರು ನೆಲಕ್ಕೆ ಕುಸಿದರು. ಡಿಫೆಂಡರ್ ಕೋಚ್ ಆದರೆ ಒಂದೇ ಥರ ಇರುತ್ತಾರೆ ಅನ್ನೋದು ಸುಳ್ಳು. ಇಬ್ಬರೂ ಸೆಂಟರ್ ಬ್ಯಾಕ್, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತವರು, ದಾರಿ ಬೇರೆ ಬೇರೆ.

ಈಗ ನಿಮ್ಮ ಹುಡುಗರು. ಪಾಸ್ ಮಾಡುತ್ತಾ ಬನ್ನಿ ಅಂತಲೇ ಹೇಳಿಕೊಡಿ. ಒದ್ದು ಕಳಿಸುವುದನ್ನು ಹದಿನೆಂಟಕ್ಕೂ ಕಲಿಯಬಹುದು. ಒತ್ತಡದಲ್ಲಿ ಚೆಂಡು ತಡೆದು, ತಲೆ ಎತ್ತಿ, ಸರಿಯಾದ ಕಾಲಿಗೆ ಪಾಸ್ ಕೊಡುವುದನ್ನು ಹತ್ತು ಹನ್ನೆರಡರಲ್ಲಿ ಕಲಿಯದಿದ್ದರೆ ಆಮೇಲೆ ಬಹಳ ಕಷ್ಟ.

ಆದರೆ ಹೇಮೆಸ್ ಥರ ಪೂರ್ತಿ ಇಳಿಯಬೇಡಿ. ಮೈದಾನದಲ್ಲಿ ಗುಂಡಿ ಇದ್ದರೆ, ಮಳೆ ಬಂದು ಕೆಸರಾಗಿದ್ದರೆ, ಚೆಂಡು ಎಲ್ಲಿ ಪುಟಿಯುತ್ತದೆ ಅಂತ ದೇವರಿಗೇ ಗೊತ್ತು. ಅಂಥ ದಿನ ಗೋಲಿನ ಮುಂದೆ ಪಾಸ್ ಬೇಡ. ಒಂದು ಸನ್ನೆ ಮಾಡಿಕೊಳ್ಳಿ. ಹಿಂದೆ ನಿಂತ ಹುಡುಗ 'ಹೊಡಿ' ಅಂತ ಕೂಗಿದರೆ ಯೋಚನೆ ಮಾಡದೆ ಬದಿಗೆ ಒದೆಯಬೇಕು. ಕೂಗದಿದ್ದರೆ ಆಡಬೇಕು. 2019ರಿಂದ ನಿಯಮವೂ ಬದಲಾಗಿದೆ. ಗೋಲ್ ಕಿಕ್ ಮಾಡುವಾಗ ನಿಮ್ಮ ಡಿಫೆಂಡರ್ ಬಾಕ್ಸ್ ಒಳಗೇ ನಿಂತು ಚೆಂಡು ತೆಗೆದುಕೊಳ್ಳಬಹುದು, ಚೆಂಡು ಹೊರಗೆ ಬರುವವರೆಗೂ ಕಾಯಬೇಕಿಲ್ಲ. ಇದನ್ನು ಹುಡುಗರಿಗೆ ಮೈದಾನದಲ್ಲೇ ನಿಲ್ಲಿಸಿ ತೋರಿಸಿ.

ಅಭ್ಯಾಸಕ್ಕೆ ಸ್ಪೇನಿನ ಪ್ರತಿ ಮೈದಾನದಲ್ಲೂ ಮಾಡುವ 'ರೊಂಡೊ' ಸಾಕು. ಎಂಟು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ ಗೆರೆ ಹಾಕಿ. ಹೊರಗೆ ನಾಲ್ವರು, ಒಳಗೆ ಇಬ್ಬರು. ಹೊರಗಿನವರು ಎರಡೇ ಸ್ಪರ್ಶದಲ್ಲಿ ಪಾಸ್ ಮಾಡಬೇಕು, ಒಳಗಿನವರು ಕಿತ್ತುಕೊಳ್ಳಬೇಕು. ಕಳೆದುಕೊಂಡವನು ಒಳಗೆ ಹೋಗುತ್ತಾನೆ. ಚೆಂಡು ಬರುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಿದನಾ ಅಂತ ಮಾತ್ರ ನೀವು ಗಮನಿಸಿ. ನೋಡಿದ ಹುಡುಗ ತಪ್ಪು ಪಾಸ್ ಕೊಟ್ಟರೂ 'ಭೇಷ್' ಅನ್ನಿ. ನೋಡದ ಹುಡುಗ ಸರಿ ಪಾಸ್ ಕೊಟ್ಟರೆ ಆಟ ನಿಲ್ಲಿಸಿ, ಹಿಂದೆ ಯಾರಿದ್ದರು ಅಂತ ಕೇಳಿ.

ಮತ್ತೆ, ಗೋಲ್ ಕೀಪರ್ ಹುಡುಗನನ್ನು ಗೋಲಿನ ಹತ್ತಿರ ಒಬ್ಬನೇ ನಿಲ್ಲಿಸಬೇಡಿ. ಗ್ಲೌಸ್ ಬಿಚ್ಚಿಸಿ ರೊಂಡೊ ಒಳಗೆ ಸೇರಿಸಿ. ಹಿಂದಿನಿಂದ ಆಡುವ ತಂಡದಲ್ಲಿ ಮೊದಲ ಪಾಸ್ ಅವನದೇ.